ಕೊಡಗಲ್ಲಿ ಸಣ್ಣ ಕನ್ಸಲ್ಟಿಂಗ್ ನಡೆಸೋರು ವಾಟ್ಸಾಪ್, ಗೂಗಲ್, ಯೂಟ್ಯೂಬ್ ಯಾವ್ದನ್ನ ಯಾವಾಗ ಹೇಗೆ ಬಳಸ್ಬೇಕು

ಅಗ್ರಿ, ಫಾರೆಸ್ಟ್ರಿ, ಬಿಕಾಂ ಓದಿ ಊರಿಗೆ ವಾಪಸ್ ಬಂದು ಸ್ವಂತವಾಗಿ ಸಲಹೆ ಕೆಲಸ ಶುರು ಮಾಡ್ತಿರೋ ಹುಡುಗ್ರು ಹುಡುಗೀರು ಈಗ ನಮ್ಮ ಕಡೆ ಸುಮಾರು ಜನ ಇದ್ದಾರೆ, ತೋಟಕ್ಕೆ ಸಲಹೆ ಕೊಡೋರು, ಹೋಂಸ್ಟೇ ಮಾಡೋರಿಗೆ ಲೈಸೆನ್ಸು ಲೆಕ್ಕಪತ್ರ ನೋಡ್ಕೊಡೋರು, ಟ್ಯಾಕ್ಸ್ ಕೆಲಸದೋರು. ಅವರೆಲ್ಲ ಮೊದಲು ಕೇಳೋದು ಒಂದೇ, ಇನ್‌ಸ್ಟಾಗ್ರಾಮ್ ಪೇಜ್ ಮಾಡ್ಲಾ ವೆಬ್‌ಸೈಟ್ ಮಾಡ್ಲಾ ಅಂತ. ನಾನು ಕಾಫಿ ಮತ್ತೆ ಮೆಣಸಿನ ತೋಟಗಳಿಗೆ ಸಲಹೆ ಕೊಡೋ ಕೆಲಸ ಮಾಡೋದು, ನನ್ನ ಉತ್ತರ ಎರಡೂ ಆಮೇಲೆ ಮಾಡಿ ಅಂತ. ಯಾಕಂದ್ರೆ ಕೊಡಗಲ್ಲಿ ಕೆಲಸ ಸಿಗೋದು ಈಗ್ಲೂ ಬಾಯಿಂದ ಬಾಯಿಗೆ. ಯಾರದೋ ಮದುವೆ ಮನೇಲಿ, ಸೊಸೈಟಿ ಮೀಟಿಂಗಲ್ಲಿ, ಗೊಬ್ಬರದ ಅಂಗಡಿ ಮುಂದೆ ನಿಮ್ಮ ಹೆಸರು ಬರುತ್ತೆ, "ಅವ್ರನ್ನ ಒಂದ್ಸಲ ಕರೆಸಿ ನೋಡಿ" ಅಂತ ಒಬ್ರು ಹೇಳ್ತಾರೆ, ಕೇಳಿಸ್ಕೊಂಡೋರು ಮನೆಗೆ ಹೋಗಿ ಫೋನ್ ತೆಗೆದು ನಿಮ್ಮ ಹೆಸರು ಹುಡುಕ್ತಾರೆ. ಆನ್‌ಲೈನಿನ ಕೆಲಸ ಶುರುವಾಗೋದು ಅಲ್ಲಿಂದ. ಆ ಮನುಷ್ಯ ಹುಡುಕಿದಾಗ ಸಿಗ್ಬೇಕು, ಮೆಸೇಜ್ ಹಾಕಿದ್ರೆ ಉತ್ತರ ಬರ್ಬೇಕು, ತೋಟ ನೋಡಿ ಬಂದ್ಮೇಲೆ ನೀವು ಹೇಳಿದ್ದೆಲ್ಲ ಬರವಣಿಗೇಲಿ ಅವರ ಕೈಲಿರ್ಬೇಕು, ಮುಂದಿನ ಸೀಸನ್‌ಗೆ ನಿಮ್ಮ ನೆನಪು ಇರ್ಬೇಕು. ಫಾಲೋವರ್ಸ್ ಲೆಕ್ಕ ಇದರಲ್ಲಿ ಎಲ್ಲೂ ಬರಲ್ಲ. ಹಾಗಾಗಿ ಒಬ್ಬ ಕ್ಲೈಂಟ್ ನಿಮ್ಮ ಹತ್ರ ಬರೋ ದಾರಿ ಹೇಗಿದ್ಯೋ ಅದೇ ಕ್ರಮದಲ್ಲಿ ಬರೀತೀನಿ. ಉದಾಹರಣೆ ತೋಟದ್ದು, ಬೇರೆ ಕೆಲಸದೋರು ಅವರವರ ಕೆಲಸಕ್ಕೆ ಹೊಂದಿಸ್ಕೊಳ್ಳಿ.

ಮೊದಲು ನಂಬರ್ ಬೇರೆ ಮಾಡಿ

ಮನೆ ನಂಬರಲ್ಲೇ ವ್ಯವಹಾರ ಬೇಡ. ಎರಡು ಸಿಮ್ ಹಾಕೋ ಫೋನೇ ಎಲ್ಲರ ಹತ್ರ ಇರೋದು, ಎರಡನೇ ನಂಬರಿಗೆ ವಾಟ್ಸಾಪ್ ಬಿಸಿನೆಸ್ ಆಪ್ ಹಾಕಿ, ಅದು ಫ್ರೀ, ಮಾಮೂಲಿ ವಾಟ್ಸಾಪ್ ಜೊತೆಗೇ ಅದೇ ಫೋನಲ್ಲಿ ಓಡುತ್ತೆ. ಸಿಮ್ ತಗೊಳ್ಳೋವಾಗ ನಿಮ್ಮ ಮನೇಲಿ ಮಾತ್ರ ಅಲ್ಲ, ನೀವು ಜಾಸ್ತಿ ಓಡಾಡೋ ಕಡೆ ಯಾವ ಕಂಪನಿ ಸಿಗ್ನಲ್ ಸಿಗುತ್ತೆ ನೋಡಿ. ಭಾಗಮಂಡಲ ಕಡೆ ಸಿಗೋದು ಕುಟ್ಟ ಕಡೆ ಸಿಗಲ್ಲ, ಹಾಗಾಗಿ ಎರಡು ಸಿಮ್ ಎರಡು ಬೇರೆ ಬೇರೆ ಕಂಪನಿದಾಗಿದ್ರೆ ಒಳ್ಳೇದು.

ಆಪ್ ಹಾಕಿದ ದಿನಾನೇ ಗ್ರೀಟಿಂಗ್ ಮೆಸೇಜ್ ಬರೆದುಬಿಡಿ. ಹೊಸಬರು ಮೊದಲ ಸಲ ಮೆಸೇಜ್ ಮಾಡಿದಾಗ ಅಥವಾ ಹಳಬರು 14 ದಿನ ಮಾತಾಡದೆ ಇದ್ದು ಮತ್ತೆ ಮೆಸೇಜ್ ಮಾಡಿದಾಗ ಅದು ತಾನೇ ಹೋಗುತ್ತೆ. ಸುಮ್ನೆ ವೆಲ್‌ಕಮ್ ಅಂತ ಹೂವಿನ ಇಮೋಜಿ ಹಾಕಿ ಜಾಗ ಹಾಳು ಮಾಡ್ಬೇಡಿ, ನಿಮಗೆ ಏನು ಮಾಹಿತಿ ಬೇಕೋ ಅದನ್ನೇ ಕೇಳಿ. ಹೀಗೆ ಬರೀಬಹುದು: "ನಮಸ್ಕಾರ. ತೋಟ ಯಾವ ಊರಲ್ಲಿ, ಎಷ್ಟು ಏಕರೆ, ಅರೇಬಿಕಾನಾ ರೋಬಸ್ಟಾನಾ, ಮೆಣಸು ಇದ್ಯಾ, ಏನು ತೊಂದ್ರೆ ಅಂತ ಬರೆದು ಕಳಿಸಿ ಅಥವಾ ವಾಯ್ಸ್ ಹಾಕಿ. ಹಗಲು ತೋಟದಲ್ಲಿರ್ತೀನಿ, ಸಂಜೆ 6ರಿಂದ 8ರ ಒಳಗೆ ಉತ್ತರ ಕೊಡ್ತೀನಿ. ಅರ್ಜೆಂಟ್ ಇದ್ರೆ ಕಾಲ್ ಮಾಡಿ." ಇಷ್ಟು ಸಾಕು. ಸಂಜೆ ಕೂತಾಗ ಎಲ್ಲ ಮಾಹಿತಿ ಬಂದಿರುತ್ತೆ, ಒಂದೊಂದನ್ನೇ ಕೇಳ್ತಾ ಕೂರ್ಬೇಕಿಲ್ಲ. ಮತ್ತೆ 6ರಿಂದ 8 ಅಂತ ಹೇಳಿದ್ಮೇಲೆ ನಿಜವಾಗ್ಲೂ ಆ ಹೊತ್ತಲ್ಲಿ ಉತ್ತರ ಕೊಡಿ, ನಮ್ಮ ಕಡೆ ಹಿರಿಯ ಪ್ಲಾಂಟರ್‌ಗಳು ಇದನ್ನ ತುಂಬಾ ಗಮನಿಸ್ತಾರೆ.

ಅದೇ ಆಪಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ, ಸ್ಲ್ಯಾಶ್ ಒತ್ತಿ ಒಂದು ಸಣ್ಣ ಪದ ಹೊಡೆದ್ರೆ ಮೊದಲೇ ಬರೆದಿಟ್ಟ ಇಡೀ ಮೆಸೇಜ್ ಬರುತ್ತೆ. ಮಣ್ಣು ಸ್ಯಾಂಪಲ್ ತೆಗೆಯೋದು ಹೇಗೆ ಅಂತ ಎಲ್ಲರೂ ಕೇಳ್ತಾರೆ, ಪ್ರತಿ ಸಲ ಟೈಪ್ ಮಾಡೋದು ಯಾಕೆ, ಒಂದೇ ಸಲ ಸರಿಯಾಗಿ ಬರೆದಿಡಿ: ಎಲೆ ಕಸ ಸರಿಸಿ, ವಿ ಆಕಾರದಲ್ಲಿ 9 ಇಂಚು ಆಳ ಗುಂಡಿ ತೆಗೆದು, ಅದರ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಮಣ್ಣು ಕೆರೆದು ತಗೊಳ್ಳಿ, ಒಂದೇ ತರ ಇರೋ ಬ್ಲಾಕಲ್ಲಿ (ತೋಟದ ಭಾಗದಲ್ಲಿ) ಹಲವು ಜಾಗದಿಂದ ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕೆಜಿ ನೆರಳಲ್ಲಿ ಒಣಗಿಸಿ ಕವರಿಗೆ ಹಾಕಿ ಬ್ಲಾಕ್ ಹೆಸರು ಬರೀರಿ, ಗೊಬ್ಬರ ಸುಣ್ಣ ಹಾಕಿದ ಹೊಸದರಲ್ಲಿ ತೆಗೀಬೇಡಿ. ಟ್ಯಾಕ್ಸ್ ಕೆಲಸದೋರಾದ್ರೆ ಯಾವ್ಯಾವ ಕಾಗದ ತರ್ಬೇಕು ಅನ್ನೋ ಲಿಸ್ಟು, ಹೋಂಸ್ಟೇ ಕೆಲಸದೋರಾದ್ರೆ ಅರ್ಜಿಗೆ ಬೇಕಾದ ದಾಖಲೆಗಳ ಲಿಸ್ಟು.

ಲೇಬಲ್ಸ್ ಕೂಡ ಬಳಸಿ, ಹೊಸಬರು, ವಿಸಿಟ್ ಫಿಕ್ಸ್, ರಿಪೋರ್ಟ್ ಬಾಕಿ, ದುಡ್ಡು ಬಾಕಿ. ನಾಲ್ಕೇ ಸಾಕು, ಜಾಸ್ತಿ ಬಣ್ಣ ಇಟ್ರೆ ಯಾವ್ದಕ್ಕೆ ಯಾವ್ದು ಅಂತ ನಮಗೇ ಮರೆತುಹೋಗುತ್ತೆ.

ಗೂಗಲಲ್ಲಿ ಸಿಗ್ಬೇಕು

ಇನ್‌ಸ್ಟಾಗ್ರಾಮಿಗಿಂತ ಮುಂಚೆ ಮಾಡ್ಬೇಕಾದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್. ಇದಕ್ಕೂ ದುಡ್ಡಿಲ್ಲ. ಆಫೀಸ್ ಇಲ್ಲ, ಮನೆಯಿಂದಾನೇ ಕೆಲಸ ಅನ್ನೋರು ಅಡ್ರೆಸ್ ಕಾಣದ ಹಾಗೆ ಇಟ್ಟು ಸರ್ವಿಸ್ ಏರಿಯಾ ಮಾತ್ರ ಹಾಕ್ಬಹುದು, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ಅಂತ ತಾಲೂಕು ಹೆಸರುಗಳನ್ನ ಸೇರಿಸಿ. ಆದ್ರೆ ನೀವು ನಿಜವಾಗ್ಲೂ ಹೋಗೋ ಕಡೆ ಮಾತ್ರ ಹಾಕಿ, ಶನಿವಾರಸಂತೆಯಲ್ಲಿ ಮನೆ ಇಟ್ಕೊಂಡು ಕುಟ್ಟದಿಂದ ಫೋನ್ ಬಂದಾಗ ದೂರ ಆಗುತ್ತೆ ಅಂದ್ರೆ ಆ ಒಂದು ಮಾತೇ ಹತ್ತು ಜನರಿಗೆ ಹರಡುತ್ತೆ.

ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಅಥವಾ ಬೋರ್ಡ್ ಮೇಲಿರೋ ಹೆಸರು ಅಷ್ಟೇ ಇರ್ಲಿ, "ಬೆಸ್ಟ್ ಕಾಫಿ ಕನ್ಸಲ್ಟೆಂಟ್ ಇನ್ ಕೂರ್ಗ್" ಅಂತೆಲ್ಲ ತುಂಬಿಸೋದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲನ್ನೇ ಸಸ್ಪೆಂಡ್ ಮಾಡ್ಬಹುದು. ಅದರ ಬದಲು ಕೆಳಗೆ ವಿವರಣೆ ಬರೆಯೋ ಜಾಗದಲ್ಲಿ ಕೊಡಗು ಅಂತನೂ ಹಾಕಿ ಕೂರ್ಗ್ ಅಂತನೂ ಹಾಕಿ, ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೀರಿ, ಬೆಂಗಳೂರಲ್ಲಿರೋ ಓನರ್ ಒಂದು ತರ ಹುಡುಕ್ತಾರೆ, ಸುಂಟಿಕೊಪ್ಪದಲ್ಲಿರೋರು ಇನ್ನೊಂದು ತರ.

ರಿವ್ಯೂ ವಿಷಯ ಸ್ವಲ್ಪ ಹೇಳ್ಬೇಕು. ನಮ್ಮ ಜನ ಮುಖದ ಮುಂದೆ ಚೆನ್ನಾಗಿ ಹೇಳ್ತಾರೆ, ಬರೆಯೋದಕ್ಕೆ ಸಂಕೋಚ. ಹಾಗಾಗಿ ಕೆಲಸ ಮುಗಿದು ಫಲ ಕಂಡ ಹೊತ್ತಲ್ಲಿ ಕೇಳಿ, ಅಂದ್ರೆ ಹೂವು ಚೆನ್ನಾಗಿ ಕಟ್ಟಿದ್ಮೇಲೆ ಅಥವಾ ಮೆಣಸಿನ ಬಳ್ಳಿ ಮಳೆಗಾಲ ದಾಟಿ ನಿಂತ್ಮೇಲೆ, ರಿವ್ಯೂ ಲಿಂಕನ್ನೇ ವಾಟ್ಸಾಪಲ್ಲಿ ಕಳಿಸಿ, "ಅಂಕಲ್, ನಿಮಗೆ ಸರಿ ಅನ್ಸಿದ್ರೆ ಎರಡು ಸಾಲು ಕನ್ನಡದಲ್ಲೇ ಬರೀರಿ, ಏನು ಕೆಲಸ ಮಾಡಿದ್ವಿ ಅಂತ" ಅಂತ ಕೇಳಿ. ರಿವ್ಯೂಗೆ ಫೀಸಲ್ಲಿ ಡಿಸ್ಕೌಂಟ್ ಕೊಡೋದು, ಅಣ್ಣ ತಮ್ಮ ಬಾವ ಎಲ್ಲರ ಫೋನಿಂದ ಐದು ಸ್ಟಾರ್ ಹಾಕಿಸೋದು ಬೇಡವೇ ಬೇಡ, ಗೂಗಲ್ ಒಪ್ಪಲ್ಲ, ಅದಕ್ಕಿಂತ ಜಾಸ್ತಿ ಅಂದ್ರೆ ಕೊಡಗು ಸಣ್ಣ ಜಿಲ್ಲೆ, ಮನೆ ಹೆಸರು ನೋಡಿದ ತಕ್ಷಣ ಯಾರು ಯಾರಿಗೆ ನೆಂಟ್ರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಯಾರಾದ್ರೂ ಬೇಜಾರಾಗಿ ಒಂದು ಸ್ಟಾರ್ ಕೊಟ್ರೆ ಅಲ್ಲೇ ವಾದ ಮಾಡ್ಬೇಡಿ, ಮೊದಲು ಫೋನ್ ಮಾಡಿ ಮಾತಾಡಿ, ಆಮೇಲೆ ಮರ್ಯಾದೆಯಾಗಿ ಎರಡು ಸಾಲು ಉತ್ತರ ಬರೀರಿ.

ಹಳೇ ಯೂಟ್ಯೂಬ್ ವಿಡಿಯೋಗಳಲ್ಲಿ ಗೂಗಲ್ ಪ್ರೊಫೈಲ್ ಜೊತೆ ಫ್ರೀ ವೆಬ್‌ಸೈಟ್ ಸಿಗುತ್ತೆ ಅಂತ ತೋರಿಸ್ತಾರೆ, ಅದು 2024ರ ಮಾರ್ಚಲ್ಲೇ ನಿಂತುಹೋಗಿದೆ, ಹುಡುಕ್ತಾ ಕೂರ್ಬೇಡಿ. ಇನ್ನೊಂದು, ನಿಮ್ಮ ಪ್ರೊಫೈಲ್ ಲೈವ್ ಆದ ತಕ್ಷಣ "ಗೂಗಲಿಂದ ಮಾತಾಡ್ತಿರೋದು, ಫಸ್ಟ್ ಪೇಜಿಗೆ ತರ್ತೀವಿ, ಇಷ್ಟು ಕಟ್ಟಿ" ಅಂತ ಫೋನ್‌ಗಳು ಶುರುವಾಗ್ತವೆ. ಗೂಗಲ್ ಹಾಗೆ ಫೋನ್ ಮಾಡಿ ಲಿಸ್ಟಿಂಗ್‌ಗೆ ದುಡ್ಡು ಕೇಳಲ್ಲ. ಕಟ್ ಮಾಡಿ ಬ್ಲಾಕ್ ಮಾಡಿ.

ಎಲೆ ಫೋಟೋ ಕಳಿಸಿ "ಇದೇನು ಸರ್" ಅಂತ ಕೇಳೋರಿಗೆ

ಇದು ಎಲ್ಲಾ ತೋಟದ ಸಲಹೆಗಾರರ ದಿನದ ಪಾಡು. ಕತ್ತಲಲ್ಲಿ ತೆಗೆದ ಮಸುಕು ಫೋಟೋ ಒಂದು, ಕೆಳಗೆ "ಏನು ಹೊಡೀಬೇಕು" ಅಂತ ಒಂದು ಸಾಲು. ಕೋಪ ಮಾಡ್ಕೊಳ್ಳೋದಲ್ಲ, ಈ ಮೆಸೇಜೇ ನಾಳೆ ಕೆಲಸ ಆಗೋದು. ಆದ್ರೆ ಫೋಟೋ ನೋಡಿ ತಕ್ಷಣ ಔಷಧಿ ಹೆಸರು ಹೇಳೋದು ಬೇಡ. ಎಲೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡ್ರೆ ಎಲೆ ತುಕ್ಕು ರೋಗ ಅಂತ ಹೇಳ್ಬಹುದು, ಆದ್ರೆ ಮೆಣಸಿನ ಬಳ್ಳಿ ಹಳದಿ ಆಗಿದೆ ಅನ್ನೋದಕ್ಕೆ ನೀರು ನಿಂತಿದ್ದೂ ಕಾರಣ ಇರ್ಬಹುದು, ಬೇರು ಕೊಳೆತಿದ್ದೂ ಇರ್ಬಹುದು, ಬೇರಿನ ಜಂತುಹುಳದ್ದೂ ಇರ್ಬಹುದು, ಬರೀ ಗೊಬ್ಬರದ ಕೊರತೇನೂ ಇರ್ಬಹುದು, ಬುಡ ಬಿಡಿಸಿ ನೋಡದೆ ಯಾರಿಗೂ ಹೇಳಕ್ಕಾಗಲ್ಲ.

ಹಾಗಾಗಿ ಇದಕ್ಕೂ ಒಂದು ಕ್ವಿಕ್ ರಿಪ್ಲೈ ಇಡಿ. ಹಗಲು ಬೆಳಕಲ್ಲಿ ಎಲೆ ಮೇಲ್ಭಾಗ ಒಂದು, ಅಡಿಭಾಗ ಒಂದು, ಇಡೀ ಗಿಡ ಒಂದು, ಬುಡ ಒಂದು, ಅಕ್ಕಪಕ್ಕದ ಗಿಡ ಎಲ್ಲ ಕಾಣೋ ಹಾಗೆ ದೂರದಿಂದ ಒಂದು, ಇಷ್ಟು ಫೋಟೋ ಕಳಿಸಿ, ಎಷ್ಟು ಗಿಡಕ್ಕೆ ಬಂದಿದೆ, ಯಾವಾಗಿಂದ, ಕೊನೇ ಸಲ ಏನು ಹೊಡೆದ್ರಿ ಅಂತ ಬರೀರಿ ಅಂತ. ಫೋಟೋನ ಎಚ್‌ಡಿ ಆಯ್ಕೆ ಒತ್ತಿ ಅಥವಾ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಇಲ್ಲಾಂದ್ರೆ ವಾಟ್ಸಾಪ್ ಅದನ್ನ ಕುಗ್ಗಿಸಿ ಕಳಿಸುತ್ತೆ, ಸಣ್ಣ ಚುಕ್ಕೆ ಕಾಣೋದೇ ಇಲ್ಲ.

ಫೀಸಿನ ಮಾತು ಎಲ್ಲಿ ತರೋದು ಅಂತ ಎಲ್ಲರೂ ಒದ್ದಾಡ್ತಾರೆ. ನಾನು ಮಾಡೋದು ಹೀಗೆ: ಮೊದಲ ಪ್ರಶ್ನೆಗೆ ನನಗೆ ಗೊತ್ತಾದಷ್ಟು ಫ್ರೀಯಾಗಿ ಹೇಳ್ತೀನಿ, ಅದೇ ಮೆಸೇಜಿನ ಕೊನೇಲಿ "ಇದಕ್ಕಿಂತ ಜಾಸ್ತಿ ಹೇಳ್ಬೇಕಾದ್ರೆ ತೋಟ ನೋಡ್ಬೇಕು, ವಿಸಿಟ್ ಫೀಸ್ ಇಷ್ಟು, ಪೆಟ್ರೋಲ್ ಸೇರಿ, ವಿಸಿಟ್ ಆದ ಮೂರು ದಿನದಲ್ಲಿ ಬರೆದ ರಿಪೋರ್ಟ್ ಕೊಡ್ತೀನಿ" ಅಂತ ಹಾಕ್ತೀನಿ. ಫೋನಲ್ಲಿ ದುಡ್ಡಿನ ಮಾತು ಬಂದ್ರೆ ಇಬ್ಬರಿಗೂ ಮುಜುಗರ, ಬರೆದಿದ್ರೆ ಓದಿ ಯೋಚನೆ ಮಾಡಿ ಉತ್ತರ ಕೊಡ್ತಾರೆ. ಬಿಸಿನೆಸ್ ಆಪಿನ ಕ್ಯಾಟಲಾಗಲ್ಲೂ ಒಂದು ವಿಸಿಟ್, ವರ್ಷದ ಪ್ಯಾಕೇಜ್, ಮಣ್ಣು ಪರೀಕ್ಷೆ ರಿಪೋರ್ಟ್ ಓದಿ ಗೊಬ್ಬರದ ಪಟ್ಟಿ ಮಾಡ್ಕೊಡೋದು ಅಂತ ಬೇರೆ ಬೇರೆ ಹಾಕಿ ರೇಟ್ ಬರೆದಿಡಿ. ದೊಡ್ಡ ತೋಟಕ್ಕೆ ಒಂದು ರೇಟು ಸಣ್ಣ ತೋಟಕ್ಕೆ ಒಂದು ರೇಟು ಇದ್ರೆ ಅದನ್ನೂ ಏಕರೆ ಲೆಕ್ಕದಲ್ಲಿ ಬಿಚ್ಚಿಟ್ಟುಬಿಡಿ, ಹೇಗಿದ್ರೂ ಅವರವರೇ ಮಾತಾಡ್ಕೊಳ್ತಾರೆ.

ಸಣ್ಣ ಹಿಡುವಳಿದಾರರು, ಫೀಸ್ ಕೊಡೋಕೆ ನಿಜವಾಗ್ಲೂ ಆಗ್ದೇ ಇರೋರು ಕೇಳಿದ್ರೆ ಅವರನ್ನ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ, ಏಲಕ್ಕಿ ಮೆಣಸಿನ ವಿಷಯ ಆದ್ರೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರಕ್ಕೆ ಕಳಿಸಿ, ಈ ಮೂರರ ಲೊಕೇಶನ್ನೂ ಸೇವ್ ಮಾಡಿಟ್ಕೊಂಡು ಒಂದೇ ಒತ್ತಿಗೆ ಕಳಿಸಿ. ಇದರಿಂದ ನಮಗೆ ಕೆಲಸ ಕಮ್ಮಿ ಆಗಲ್ಲ.

ತೋಟಕ್ಕೊಂದು ಗ್ರೂಪು, ವಿಸಿಟ್‌ಗೊಂದು ರಿಪೋರ್ಟು

ಈ ಭಾಗ ಗಮನ ಕೊಟ್ಟು ಓದಿ, ನನ್ನ ಪ್ರಕಾರ ಸಣ್ಣ ಕನ್ಸಲ್ಟಿಂಗ್ ಉಳಿಯೋದೋ ಮುಚ್ಚೋದೋ ಇಲ್ಲೇ ಗೊತ್ತಾಗೋದು.

ಕೊಡಗಿನ ತೋಟಗಳಲ್ಲಿ ಓನರ್ ತೋಟದಲ್ಲೇ ಇರ್ತಾರೆ ಅಂತ ಹೇಳಕ್ಕಾಗಲ್ಲ. ಒಬ್ರು ಬೆಂಗಳೂರಲ್ಲಿ, ತಮ್ಮ ಆರ್ಮೀಲಿ, ತಂಗಿ ದುಬೈಲಿ, ತೋಟ ನೋಡ್ಕೊಳ್ಳೋದು ರೈಟರು, ಮನೇಲಿ ವಯಸ್ಸಾದ ಅಮ್ಮ. ಜಮ್ಮಾ ಜಾಗ (ತಲೆಮಾರಿಂದ ಮನೆತನಕ್ಕೆ ಬಂದ ಜಮೀನು), ಒಕ್ಕದ (ಕೊಡವ ಮನೆತನದ) ಪಾಲು ಅಂತ ಇದ್ರೆ ನಿರ್ಧಾರ ತಗೊಳ್ಳೋರು ಇನ್ನೂ ಜಾಸ್ತಿ. ನೀವು ರೈಟರ್‌ಗೆ ಹೇಳಿದ್ದು ಓನರ್‌ಗೆ ಬೇರೆ ತರ ತಲುಪುತ್ತೆ, ಓನರ್ ಹೇಳಿದ್ದು ಮೇಸ್ತ್ರಿಗೆ ತಲುಪೋದೇ ಇಲ್ಲ. ಅದಕ್ಕೆ ಒಪ್ಪಂದ ಆದ ದಿನಾನೇ ಆ ತೋಟದ ಹೆಸರಲ್ಲಿ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ನಿರ್ಧಾರ ತಗೊಳ್ಳೋರೆಲ್ಲ ಮತ್ತೆ ರೈಟರ್ ಅದರಲ್ಲಿರ್ಲಿ, ಡಿಸ್ಕ್ರಿಪ್ಶನಲ್ಲಿ ಬರೀರಿ: ಇದು ತೋಟದ ಕೆಲಸಕ್ಕೆ ಮಾತ್ರ, ಗುಡ್ ಮಾರ್ನಿಂಗ್ ಫಾರ್ವರ್ಡ್ ಬೇಡ, ಕೂಲಿ ಮತ್ತೆ ಮನೆ ವಿಷಯ ಇಲ್ಲಿ ಬೇಡ. ಕೊನೇದು ಮುಖ್ಯ. ಅಣ್ಣತಮ್ಮಂದಿರ ಪಾಲಿನ ಮಾತು ಆ ಗ್ರೂಪಲ್ಲಿ ಶುರುವಾದ್ರೆ ನೀವು ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ತೀರಿ.

ವಿಸಿಟ್ ಹೋದಾಗ ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೀರಿ, ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಆಕಾಶ ಕಂಡ್ರೆ ಸಾಕು, ದಟ್ಟ ನೆರಳಿದ್ರೆ ಸ್ವಲ್ಪ ಹೊತ್ತು ಬೇಕಾಗುತ್ತೆ. ಹೋಗೋ ಹಿಂದಿನ ರಾತ್ರಿ ಗೂಗಲ್ ಮ್ಯಾಪಲ್ಲಿ ಆ ಏರಿಯಾನ ಆಫ್‌ಲೈನ್‌ಗೆ ಡೌನ್‌ಲೋಡ್ ಮಾಡ್ಕೊಳ್ಳಿ. ಬ್ಲಾಕ್ ಹೆಸರು ಹೇಳಿ ಹತ್ತು ಸೆಕೆಂಡ್ ವಾಯ್ಸ್ ರೆಕಾರ್ಡ್ ಮಾಡ್ಕೊಂಡ್ರೆ ಮಳೇಲಿ ಪುಸ್ತಕ ತೆಗೆಯೋ ಕಷ್ಟ ಇಲ್ಲ, ಮನೆಗೆ ಬಂದು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳ್ತಾ ಹೋದ್ರೆ ಅದೇ ಟೈಪ್ ಆಗುತ್ತೆ, ಜಿಬೋರ್ಡ್ ಕನ್ನಡ ಈಗ ಚೆನ್ನಾಗಿದೆ, ತಪ್ಪು ತಿದ್ದಿದ್ರೆ ಸಾಕು.

ರಿಪೋರ್ಟ್ ಎರಡು ಪುಟ ದಾಟ್ಬಾರದು. ಮೊದಲು ದಿನಾಂಕ, ನೋಡಿದ ಬ್ಲಾಕ್‌ಗಳು. ಆಮೇಲೆ ಕಂಡಿದ್ದು, ಫೋಟೋ ಜೊತೆ. ಆಮೇಲೆ ಮಾಡ್ಬೇಕಾದ ಕೆಲಸ, ಪ್ರತಿ ಕೆಲಸದ ಎದುರು ಯಾವ ತಾರೀಖಿನ ಒಳಗೆ, ಯಾರು. ಕೊನೆಗೆ ಅಂದಾಜು ಖರ್ಚು. ಗೂಗಲ್ ಡಾಕ್ಸಲ್ಲಿ ಒಂದು ನಮೂನೆ ಮಾಡಿಟ್ಕೊಂಡು ಪ್ರತಿ ಸಲ ಕಾಪಿ ಮಾಡಿ ತುಂಬಿ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿ. ಓನರ್‌ಗೆ ಇಂಗ್ಲಿಷ್ ಬೇಕು ಅಂದ್ರೆ ಚಾಟ್‌ಜಿಪಿಟಿ ತರದ ಎಐ ಆಪ್‌ಗಳಿಗೆ ನಿಮ್ಮ ಕನ್ನಡ ರಿಪೋರ್ಟ್ ಕೊಟ್ಟು ಇಂಗ್ಲಿಷ್ ಮಾಡಿಸಿ, ಬರವಣಿಗೆಗೆ ಅದು ಒಳ್ಳೆ ಸಹಾಯ. ಆದ್ರೆ ಔಷಧಿ ಯಾವ್ದು ಡೋಸ್ ಎಷ್ಟು ಅಂತ ಅದನ್ನ ಕೇಳಿ ಬರೀಬೇಡಿ, ಮತ್ತೆ ಇಂಗ್ಲಿಷಾದ್ಮೇಲೆ ಅಂಕಿ ಎಲ್ಲ ಒಂದೊಂದಾಗಿ ಹೋಲಿಸಿ ನೋಡಿ.

ಡೋಸ್ ಅನ್ನೋದನ್ನ ಯಾವತ್ತೂ ವಾಯ್ಸ್ ಮೆಸೇಜಲ್ಲಿ ಬಿಡ್ಬೇಡಿ. ನಮ್ಮ ತೋಟಗಳಲ್ಲಿ ಲೆಕ್ಕ ನಡೆಯೋದು 200 ಲೀಟರ್ ಬ್ಯಾರಲ್‌ನಲ್ಲಿ, ಪರ್ಸೆಂಟ್ ಹೇಳಿದ್ರೆ ಪ್ರಯೋಜನ ಇಲ್ಲ. ಮೆಣಸಿಗೆ 1 ಪರ್ಸೆಂಟ್ ಬೋರ್ಡೋ (ಮೈಲುತುತ್ತ ಸುಣ್ಣದ ದ್ರಾವಣ) ಅಂತ ಬರೆಯೋ ಬದಲು "ಒಂದು ಬ್ಯಾರಲ್‌ಗೆ ಮೈಲುತುತ್ತ 2 ಕೆಜಿ, ಸುಣ್ಣ 2 ಕೆಜಿ, ನೀರು 200 ಲೀಟರ್" ಅಂತ ಬರೀರಿ. ಅದೇ ಮೆಸೇಜನ್ನ ಗ್ರೂಪಲ್ಲಿ ಪಿನ್ ಮಾಡಿ, ಸ್ಪ್ರೇ ದಿನ ರೈಟರ್ ಮೇಲೆ ಕೆಳಗೆ ಹುಡುಕ್ಬಾರದು. ರೈಟರ್‌ಗೆ ಓದೋಕೆ ಕಷ್ಟ ಇದ್ರೆ ಬರೆದಿದ್ದನ್ನೂ ಹಾಕಿ ಅದನ್ನೇ ಓದಿ ವಾಯ್ಸೂ ಹಾಕಿ.

ದೂರದಲ್ಲಿರೋ ಮನೆಯವರ ಜೊತೆ ಎರಡು ಮೂರು ತಿಂಗಳಿಗೆ ಒಂದ್ಸಲ ಗೂಗಲ್ ಮೀಟಲ್ಲಿ ಕೂತ್ಕೊಳ್ಳಿ, ಮೂರು ಜನಕ್ಕಿಂತ ಜಾಸ್ತಿ ಇದ್ರೂ ಒಂದು ಗಂಟೆ ಫ್ರೀ ಸಿಗುತ್ತೆ, ಅಷ್ಟರಲ್ಲಿ ಮುಗಿಸೋದೇ ಒಳ್ಳೇದು. ಮೀಟಿಂಗ್ ಆದ ರಾತ್ರೀನೇ ಏನು ತೀರ್ಮಾನ ಆಯ್ತು ಅಂತ ನಾಲ್ಕು ಸಾಲು ಗ್ರೂಪಿಗೆ ಹಾಕಿ. ಪ್ರತಿ ತೋಟಕ್ಕೆ ಗೂಗಲ್ ಡ್ರೈವಲ್ಲಿ ಒಂದು ಫೋಲ್ಡರ್ ಇರ್ಲಿ, ವರ್ಷವಾರು, ಫ್ರೀ ಸಿಗೋದು 15 ಜಿಬಿ, ಅದರಲ್ಲಿ ಜಿಮೇಲೂ ಸೇರಿ, ವಿಡಿಯೋಗಳನ್ನ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ. ಎರಡನೇ ವರ್ಷ ಅದೇ ಬ್ಲಾಕಿನ ಹಳೇ ಫೋಟೋ ಹೊಸ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದಾಗ ಓನರ್ ಮುಖ ನೋಡ್ಬೇಕು, ಅದಕ್ಕಿಂತ ಒಳ್ಳೆ ಜಾಹೀರಾತು ನಾನಂತೂ ಕಂಡಿಲ್ಲ.

ಈಗ ಪೋಸ್ಟ್ ಹಾಕೋ ವಿಷಯ

ಮೇಲಿಂದೆಲ್ಲ ನಡೀತಿದೆ ಅಂದ್ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್. ಕೂರ್ಗ್ ಅಂತ ಹ್ಯಾಶ್‌ಟ್ಯಾಗ್ ಹಾಕಿದ್ರೆ ಅಲ್ಲಿ ಇರೋದೆಲ್ಲ ಅಬ್ಬಿ ಫಾಲ್ಸ್, ರಾಜಾಸೀಟ್, ಮಾಂದಲಪಟ್ಟಿ ಜೀಪು. ಮಂಜಿನ ರೀಲ್ ಹಾಕಿದ್ರೆ ವ್ಯೂಸ್ ಬರುತ್ತೆ, ನೋಡಿದೋರಲ್ಲಿ ತೋಟ ಇರೋರು ಎಷ್ಟು ಜನ? ಹೋಂಸ್ಟೇಗಳಿಗೆ ಸಲಹೆ ಕೊಡೋರಿಗೆ ಇನ್‌ಸ್ಟಾಗ್ರಾಮ್ ಬೇಕೇ ಬೇಕು, ಅವರ ಕ್ಲೈಂಟ್‌ಗಳೇ ಅಲ್ಲಿದ್ದಾರೆ. ತೋಟದ ಕೆಲಸಕ್ಕೆ ಫೇಸ್‌ಬುಕ್ ಮತ್ತೆ ಯೂಟ್ಯೂಬ್ ಮೇಲು, ಐವತ್ತು ದಾಟಿದ ಪ್ಲಾಂಟರ್‌ಗಳು ಫೇಸ್‌ಬುಕ್ ಬಿಟ್ಟಿಲ್ಲ, ಯೂಟ್ಯೂಬ್ ವಿಡಿಯೋ ಮೂರು ವರ್ಷ ಆದ್ಮೇಲೂ ಹುಡುಕಿದೋರಿಗೆ ಸಿಗುತ್ತೆ. ಬೆಂಗಳೂರು, ವಿದೇಶದಲ್ಲಿರೋ ಓನರ್‌ಗಳಿಗಾಗಿ ಲಿಂಕ್ಡ್‌ಇನ್ನಲ್ಲಿ ಒಂದು ನೀಟಾದ ಪ್ರೊಫೈಲ್ ಇದ್ರೆ ಸಾಕು.

ಏನು ಹಾಕೋದು ಅಂತ ತಲೆ ಕೆಡಿಸ್ಕೊಳ್ಳೋದು ಬೇಡ, ತೋಟದ ಕ್ಯಾಲೆಂಡರೇ ಹೇಳ್ಕೊಡುತ್ತೆ, ಕೆಲಸ ಬರೋದಕ್ಕೆ ಎರಡು ವಾರ ಮುಂಚೆ ಆ ಕೆಲಸದ ಬಗ್ಗೆ ಹಾಕಿ. ಫೆಬ್ರವರಿಗೆ ಮುಂಚೆ ರೋಬಸ್ಟಾಗೆ ಸ್ಪ್ರಿಂಕ್ಲರ್ ನೀರು, ಹೂಮಳೆ ಬಂದ್ಮೇಲೆ ಬ್ಯಾಕಿಂಗ್ ಮಳೆ (ಹೂವು ಅರಳಿದ ಮೇಲೆ ಬೇಕಾದ ಎರಡನೇ ಮಳೆ) ಬರ್ದಿದ್ರೆ ಏನು ಮಾಡೋದು. ಅರೇಬಿಕಾ ಇರೋರಿಗೆ ಕಾಂಡ ಕೊರಕದ ದುಂಬಿ ಹಾರೋದು ಏಪ್ರಿಲ್ ಮೇ ತಿಂಗಳಲ್ಲಿ ಒಂದ್ಸಲ, ಅಕ್ಟೋಬರಿಂದ ಡಿಸೆಂಬರ್ ತನಕ ಒಂದ್ಸಲ, ಹಾಗಾಗಿ ಬೋರರ್ (ಕಾಂಡ ಕೊರಕ) ಹಿಡಿದ ಗಿಡ ಗುರುತಿಸಿ ಕಿತ್ತು ಸುಡೋ ವಿಡಿಯೋ ಮಾರ್ಚಲ್ಲಿ ಒಂದು, ಸೆಪ್ಟೆಂಬರಲ್ಲಿ ಒಂದು. ಮೇ ತಿಂಗಳಲ್ಲಿ ಮಳೆಗೆ ಮುಂಚಿನ ಬೋರ್ಡೋ, ಮೆಣಸಿನ ಬುಡದಲ್ಲಿ ನೀರು ನಿಲ್ಲದ ಹಾಗೆ ಚರಂಡಿ. ಕೈಲ್‌ಪೊಳ್ದ್ (ಸೆಪ್ಟೆಂಬರ್ ಹೊತ್ತಿನ ಕೊಡವರ ಹಬ್ಬ) ಮುಗಿದ್ಮೇಲೆ ಮಳೆ ಬಿಟ್ಟ ಹೊತ್ತಿನ ಗೊಬ್ಬರ. ಪುತ್ತರಿ (ನವೆಂಬರ್ ಡಿಸೆಂಬರಿನ ಸುಗ್ಗಿ ಹಬ್ಬ) ಹೊತ್ತಿಗೆ ಕುಯ್ಲು, ಕಣ, ತೇವಾಂಶ.

ವಿಡಿಯೋ ಎರಡು ಮೂರು ನಿಮಿಷ ಇರ್ಲಿ, ಒಂದು ವಿಡಿಯೋಲಿ ಒಂದೇ ವಿಷಯ. ಯೂಟ್ಯೂಬ್ ಶಾರ್ಟ್ಸೇ ಈಗ ಮೂರು ನಿಮಿಷದವರೆಗೆ ಹಾಕ್ಬಹುದು. ಮುಖ ಕಾಣ್ಲೇಬೇಕು ಅಂತಿಲ್ಲ, ಕೈ, ಗಿಡ, ಕತ್ತಿ ಕಾಣಿಸಿದ್ರೆ ಸಾಕು. ಆದ್ರೆ ಸದ್ದು ಸರಿಯಿರ್ಬೇಕು, ಗಾಳಿ ಮಳೆ ಜೀರುಂಡೆ ಎಲ್ಲ ಸೇರಿ ಮಾತೇ ಕೇಳದ ವಿಡಿಯೋನ ಯಾರೂ ನೋಡಲ್ಲ, ಕಾಲರ್‌ಗೆ ಸಿಕ್ಕಿಸೋ ಸಣ್ಣ ಮೈಕ್ ಒಂದು ತಗೊಳ್ಳಿ. ಭಾಷೆ ಕನ್ನಡವೇ ಇರ್ಲಿ, ಕೊಡವ ತಕ್ಕ್ ಮಾತಾಡೋರು, ಅರೆಭಾಷೆಯೋರು, ಮಲಯಾಳಿಗಳು, ತುಳುವರು ಎಲ್ಲರಿಗೂ ಅರ್ಥ ಆಗುತ್ತೆ. ಟೈಟಲ್ ಮಾತ್ರ ಕನ್ನಡ ಇಂಗ್ಲಿಷ್ ಎರಡರಲ್ಲೂ ಹಾಕಿ.

ದಿನಾ ಕಾಫಿ ರೇಟು ಫಾರ್ವರ್ಡ್ ಮಾಡೋ ಕೆಲಸ ನಿಮಗೆ ಬೇಡ, ಅದಕ್ಕೆ ಬೇಕಾದಷ್ಟು ಗ್ರೂಪ್‌ಗಳಿವೆ, ರೇಟ್ ನೋಡೋಕೆ ಬಂದೋರು ರೇಟ್ ನೋಡಿ ಹೋಗ್ತಾರೆ. ಮಳೆ ಬರುತ್ತೆ ಅಂತ ನೀವೇ ಭವಿಷ್ಯ ಹೇಳೋದೂ ಬೇಡ, ಹವಾಮಾನ ಇಲಾಖೆ ಹೇಳಿದ್ದನ್ನ ಅವರ ಹೆಸರಲ್ಲೇ ಹೇಳಿ.

ಹಳೇ ಕ್ಲೈಂಟ್‌ಗಳಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ತಿಂಗಳಿಗೆ ಒಂದು ಮೆಸೇಜ್ ಕಳಿಸಿ, ಈ ತಿಂಗಳು ಮಾಡ್ಬೇಕಾದ ಮೂರು ಕೆಲಸ ಅಂತ. ಒಂದು ಲಿಸ್ಟಿಗೆ 256 ಜನ, ನಿಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಹೋಗುತ್ತೆ, ಅದಕ್ಕೇ ಮೊದಲ ವಿಸಿಟಲ್ಲೇ "ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಎದುರಿಗೇ ಮಾಡಿಸಿ.

ದುಡ್ಡು ಕೊಟ್ಟು ಬೂಸ್ಟ್ ಮಾಡೋದು ಮೊದಲ ವರ್ಷ ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಹಾಕ್ಬಾರದ್ದು

ಕಣದ ತುಂಬ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ಒಣಗ್ತಿರೋ ಫೋಟೋ ತುಂಬಾ ಚೆನ್ನಾಗಿ ಬರುತ್ತೆ, ತೋಟದ ಹೆಸರು ಲೊಕೇಶನ್ ಹಾಕಿ ಅದನ್ನ ಪೋಸ್ಟ್ ಮಾಡೋದು ಅಂದ್ರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ. ಕಾಫಿ ಮೆಣಸು ಕಣದಿಂದ ಗೋಡೌನಿಂದ ಕಳುವಾಗೋದು ನಮ್ಮ ಕಡೆ ಹೊಸದಲ್ಲ. ಓನರ್ ಊರಲ್ಲಿಲ್ಲ, ಮನೇಲಿ ಅಮ್ಮ ಒಬ್ಬರೇ ಅನ್ನೋದು ಗೊತ್ತಾಗೋ ಯಾವ್ದೂ ಹೊರಗೆ ಹೋಗ್ಬಾರದು. ಫಸಲು ಎಷ್ಟು ಚೀಲ, ಯಾವ ಬ್ಲಾಕಲ್ಲಿ ಯಾವ ಮರ ಇದೆ, ಲೈನ್ ಮನೆ (ಕೆಲಸದೋರ ಸಾಲು ಮನೆ) ಮಕ್ಕಳ ಮುಖ, ಇದ್ಯಾವ್ದೂ ಬೇಡ. ಎಲೆ, ಬುಡ, ಮಣ್ಣು ಹತ್ತಿರದಿಂದ ತೆಗೆದು ಹಾಕಿ, ತಾಲೂಕು ಹೆಸರು ಸಾಕು, ಪೋಸ್ಟ್ ಹಾಕೋದು ಕುಯ್ಲೆಲ್ಲ ಮುಗಿದು ಮಾಲು ಹೋದ್ಮೇಲೆ ಆದ್ರೂ ಪರವಾಗಿಲ್ಲ. ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೋದಲ್ಲಿ ಲೊಕೇಶನ್ ಹಾಗೇ ಉಳಿದಿರುತ್ತೆ ಅನ್ನೋದು ನೆನಪಿರ್ಲಿ, ಆ ಫೈಲನ್ನ ಹೊರಗಿನೋರಿಗೆ ಕಳಿಸ್ಬೇಡಿ.

ಫೋಟೋ ಹಾಕೋ ಮುಂಚೆ ಓನರ್ ಹತ್ರ ವಾಟ್ಸಾಪಲ್ಲೇ ಬರೆದು ಒಪ್ಪಿಗೆ ತಗೊಳ್ಳಿ. 2023ರಲ್ಲಿ ಡಿಜಿಟಲ್ ಪರ್ಸನಲ್ ಡೇಟಾ ಕಾಯ್ದೆ ಬಂದಿದೆ, ಜನರ ಮಾಹಿತಿ ಇಟ್ಕೊಳ್ಳೋರಿಗೆ ಜವಾಬ್ದಾರಿ ಇದೆ. ಕಾಯ್ದೆ ಇಲ್ದಿದ್ರೂ ಕೇಳ್ಬೇಕಾದ್ದೇ.

ಬಿಲ್ಲು, ದುಡ್ಡು

ಚಿಕ್ಕದಾಗಿ ಹೇಳ್ತೀನಿ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡ್ಸಿ, 2020ರ ಜುಲೈಯಿಂದ ಇರೋದು, ಸರ್ಕಾರದ ವೆಬ್‌ಸೈಟಲ್ಲಿ ಪೂರ್ತಿ ಫ್ರೀ, ದುಡ್ಡು ಕೇಳೋ ಸೈಟ್‌ಗಳೆಲ್ಲ ಖಾಸಗಿಯೋರದ್ದು. ಸರ್ವಿಸ್ ಕೊಡೋರಿಗೆ ವರ್ಷದ ವ್ಯವಹಾರ 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ರಿಜಿಸ್ಟ್ರೇಶನ್ ಕಡ್ಡಾಯ ಇಲ್ಲ, ಹತ್ರ ಬಂದಾಗ ನಿಮ್ಮ ಆಡಿಟರನ್ನ ಕೇಳಿ. ವ್ಯವಹಾರಕ್ಕೆ ಬೇರೆ ಬ್ಯಾಂಕ್ ಅಕೌಂಟ್, ಅದಕ್ಕೇ ಯುಪಿಐ. ವಿಸಿಟ್ ಫಿಕ್ಸ್ ಆದಾಗ ಅರ್ಧ ಫೀಸ್ ಮುಂಗಡ, ರಿಪೋರ್ಟ್ ಜೊತೆ ಬಿಲ್ಲು ಕ್ಯೂಆರ್ ಕೋಡ್ ಎರಡೂ ಒಂದೇ ಪಿಡಿಎಫಲ್ಲಿ. ಬಾಕಿ ಕೇಳೋ ಮೆಸೇಜನ್ನ ಗ್ರೂಪಲ್ಲಿ ಹಾಕ್ಬೇಡಿ, ಫೀಸ್ ಮಾತಾಡಿದೋರಿಗೆ ಮಾತ್ರ ಕಳಿಸಿ.

ದುಡ್ಡು ಬರೋದಕ್ಕೆ ಯುಪಿಐ ಪಿನ್ ಹಾಕ್ಬೇಕಿಲ್ಲ, ಪಿನ್ ಕೇಳಿದ್ರೆ ನಿಮ್ಮ ದುಡ್ಡು ಹೋಗ್ತಿದೆ ಅಂತ ಅರ್ಥ. "ಮಿಲಿಟರಿ ಆಫೀಸರ್ ಮಾತಾಡ್ತಿರೋದು, ಅಡ್ವಾನ್ಸ್ ಕಳಿಸ್ತೀನಿ ಸ್ಕ್ಯಾನ್ ಮಾಡಿ" ಅನ್ನೋ ಫೋನ್‌ಗಳು ಬರ್ತವೆ, ಕೊಡಗಲ್ಲಿ ಮಿಲಿಟರಿ ಅಂದ್ರೆ ಎಲ್ಲರೂ ಬೇಗ ನಂಬ್ತಾರೆ, ಜಾಗ್ರತೆ. ದುಡ್ಡು ಹೋದ್ರೆ ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಆದಷ್ಟೂ ವಾಪಸ್ ಸಿಗೋದು ಕಷ್ಟ. ವಾಟ್ಸಾಪ್, ಜಿಮೇಲ್ ಎರಡಕ್ಕೂ ಟೂ ಸ್ಟೆಪ್ ವೆರಿಫಿಕೇಶನ್ ಇವತ್ತೇ ಹಾಕಿ, ಎಲ್ಲಾ ತೋಟದ ಗ್ರೂಪೂ ರಿಪೋರ್ಟೂ ಅದರಲ್ಲೇ ಇರೋದು.

ಜೂನ್ ಬರೋದ್ರೊಳಗೆ

ಮಳೆಗಾಲದಲ್ಲಿ ಕರೆಂಟ್ ಹೋಗುತ್ತೆ, ಟವರ್ ಹೋಗುತ್ತೆ, ಕೆಲವು ಸಲ ರಸ್ತೇನೂ ಹೋಗುತ್ತೆ, 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತ ಯಾರೂ ಮರೆತಿಲ್ಲ. ಹಾಗಾಗಿ ಮೇ ತಿಂಗಳಲ್ಲೇ ಮಳೆಗಾಲದ ಕೆಲಸದ ಪಟ್ಟಿ ಪ್ರತಿ ಗ್ರೂಪಿಗೆ ಪಿಡಿಎಫ್ ಆಗಿ ಹೋಗಿಬಿಡ್ಲಿ, ರೈಟರ್‌ಗೆ ಪ್ರಿಂಟ್ ತೆಗೆದು ಕೈಗೇ ಕೊಡಿ. ನಿಮ್ಮ ಫೋನಲ್ಲಿ ಗೂಗಲ್ ಡಾಕ್ಸ್, ಶೀಟ್ಸ್ ಆಫ್‌ಲೈನ್ ಆನ್ ಮಾಡಿ, ಪ್ರತಿ ತೋಟದ ಕೊನೇ ರಿಪೋರ್ಟ್ ಫೋನಲ್ಲೇ ಇಳಿಸಿಟ್ಕೊಳ್ಳಿ. ಬಿಸಿನೆಸ್ ಆಪಲ್ಲಿ ನೀವು ಸಿಗದ ಹೊತ್ತಲ್ಲಿ ತಾನೇ ಹೋಗೋ ಮೆಸೇಜನ್ನ (away message) ಹೀಗೆ ಬದಲಾಯಿಸಿ: "ಮಳೆಗೆ ನೆಟ್‌ವರ್ಕ್ ಇಲ್ದಿರ್ಬಹುದು, ಅರ್ಜೆಂಟ್ ಇದ್ರೆ ಎಸ್‌ಎಂಎಸ್ ಹಾಕಿ, ಸಿಗ್ನಲ್ ಸಿಕ್ಕಿದ ತಕ್ಷಣ ಕಾಲ್ ಮಾಡ್ತೀನಿ." ಇಂಟರ್‌ನೆಟ್ ಸತ್ತಿರೋ ಕಡೆನೂ ಒಂದು ಕಡ್ಡಿ ಸಿಗ್ನಲಲ್ಲಿ ಎಸ್‌ಎಂಎಸ್ ಹೋಗುತ್ತೆ. ಕ್ಲೈಂಟ್ ನಂಬರ್‌ಗಳನ್ನ, ರೈಟರ್ ನಂಬರ್ ಸೇರಿಸಿ, ಒಂದು ಪುಸ್ತಕದಲ್ಲೂ ಬರೆದಿಡಿ. ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇನ್ನೂ ಇಟ್ಕೊಂಡಿರೋ ಮನೆಗಳು ಇದ್ರೆ ಆ ನಂಬರೂ ಅದೇ ಪುಟದಲ್ಲಿರ್ಲಿ.